ಪೆರಂಬೂರಿನ ಮೊಕದ್ದಮೆ ಮತ್ತು ಸಂಘಸ್ವಾತಂತ್ರ್ಯದ ಉದಯ

೧

ಒಬ್ಬ ಕೆಲಸಗಾರನು ಯಜಮಾನನ ಎದುರಿಗೆ ನಿಂತು, ಈ ಕೂಲಿಗೆ ತಾನು ದುಡಿಯಲಾರೆನೆಂದು ಹೇಳಿದರೆ ಆ ಮಾತಿಗೆ ಬೆಲೆ ಕಡಿಮೆ. ಅವನ ಸ್ಥಾನಕ್ಕೆ ಬರಲು ಬಾಗಿಲಲ್ಲಿ ಹತ್ತು ಜನರು ಕಾದಿರುತ್ತಾರೆ. ಅದೇ ಮಾತನ್ನು ಸಾವಿರ ಜನರು ಒಂದೇ ದಿನ ಕೂಡಿ ಹೇಳಿದರೆ ಅದಕ್ಕೆ ಬೆಲೆ ಬರುತ್ತದೆ. ಆದರೆ ಬೆಲೆ ಬಂದ ಗಳಿಗೆಯಲ್ಲಿಯೇ ನ್ಯಾಯಶಾಸ್ತ್ರವು ಒಂದು ಪ್ರಶ್ನೆಯನ್ನು ಎತ್ತುತ್ತದೆ: ಒಬ್ಬನು ಮಾಡಿದರೆ ತಪ್ಪೆನಿಸದ ಕಾರ್ಯವನ್ನು ಹಲವರು ಒಟ್ಟುಗೂಡಿ ಮಾಡಿದರೆ ಅದು ಒಳಸಂಚಾಗುವುದೆ? ಈ ಪ್ರಶ್ನೆಗೆ ಒಂದು ದೇಶವು ಕೊಡುವ ಉತ್ತರದಲ್ಲಿ ಆ ದೇಶದ ಪ್ರಜಾಪ್ರಭುತ್ವದ ಸ್ವರೂಪವು ಬಹುಮಟ್ಟಿಗೆ ಅಡಗಿದೆ. ಮತಪೆಟ್ಟಿಗೆಯು ಐದು ವರ್ಷಗಳಿಗೊಮ್ಮೆ ಪ್ರಜೆಯ ಮುಂದೆ ಬರುತ್ತದೆ. ಗಿರಣಿಯ ಬಾಗಿಲು ದಿನವೂ ಬೆಳಗಿನಲ್ಲಿ ಬರುತ್ತದೆ.

ಭಾರತದಲ್ಲಿ ಈ ಪ್ರಶ್ನೆಯು ಸ್ಪಷ್ಟವಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದುದು ಮದರಾಸಿನಲ್ಲಿ, ೧೯೨೦ರ ಕೊನೆಯ ತಿಂಗಳುಗಳಲ್ಲಿ. ಆಗ ದೇಶದಲ್ಲಿ ಪ್ರಜಾಪ್ರಭುತ್ವವು ಇನ್ನೂ ಮೊಳಕೆಯ ರೂಪದಲ್ಲಿತ್ತು. ೧೯೧೯ರ ಶಾಸನದಿಂದ ಪ್ರಾಂತ್ಯಗಳಿಗೆ ದ್ವಿಮುಖ ಆಡಳಿತವು ಬಂದಿದ್ದಿತು. ಮತದಾನದ ಹಕ್ಕು ಆಸ್ತಿಯುಳ್ಳವರಿಗೂ ತೆರಿಗೆ ಕೊಡುವವರಿಗೂ ಮೀಸಲಾಗಿದ್ದಿತು. ಗಿರಣಿಯ ಕೆಲಸಗಾರನು ಸಾಮಾನ್ಯವಾಗಿ ಮತದಾರನೇ ಆಗಿರಲಿಲ್ಲ. ಹೀಗೆ ಶಾಸನಸಭೆಯಲ್ಲಿ ಧ್ವನಿಯಿಲ್ಲದವನಿಗೆ ಸಂಘವೊಂದೇ ಧ್ವನಿಯಾಗಬೇಕಾದ ಕಾಲದಲ್ಲಿ, ಸಂಘಕ್ಕೆ ಧ್ವನಿಯೆತ್ತುವ ಅಧಿಕಾರವುಂಟೆ ಎಂಬ ವಾದವು ಹುಟ್ಟಿತು. ಆ ವಾದದ ಹುಟ್ಟು, ಬೆಳವಣಿಗೆ, ಪರಿಣಾಮಗಳ ವಿಚಾರವೇ ಈ ಲೇಖನದ ವಸ್ತುವಾಗಿದೆ.

೨

ಮದರಾಸಿನ ಉತ್ತರ ಭಾಗದ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್ ಗಿರಣಿ, ಕರ್ನಾಟಿಕ್ ಗಿರಣಿ ಎಂಬ ಎರಡು ದೊಡ್ಡ ಹತ್ತಿಯ ಗಿರಣಿಗಳಿದ್ದವು. ಎರಡೂ ಬಿನ್ನಿ ಕಂಪೆನಿಯ ಆಡಳಿತಕ್ಕೆ ಸೇರಿದವು. ೧೯೨೦ರಲ್ಲಿ ಅವು ಕೂಡಿ ಒಂದೇ ಸಂಸ್ಥೆಯಾದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿಂದ ಸೈನ್ಯಕ್ಕೆ ಖಾಕಿ ಬಟ್ಟೆಯು ಹೇರಳವಾಗಿ ಹೋಗುತ್ತಿದ್ದಿತು. ಯುದ್ಧವು ಗಿರಣಿಗೆ ಲಾಭವನ್ನು ತಂದಂತೆ ಕೆಲಸಗಾರನ ಮನೆಗೆ ಬೆಲೆಯೇರಿಕೆಯನ್ನು ತಂದಿತು. ೧೯೧೮ರ ಸೆಪ್ಟೆಂಬರ್ ತಿಂಗಳಿನಲ್ಲಿ ಮದರಾಸು ನಗರದಲ್ಲಿ ಧಾನ್ಯಕ್ಕಾಗಿ ದೊಂಬಿಗಳೇ ನಡೆದುವೆಂದರೆ ಆ ಕಾಲದ ಬಡವರ ಸ್ಥಿತಿಯನ್ನು ಊಹಿಸಬಹುದು.

೧೯೧೧ರ ಕಾರ್ಖಾನೆಗಳ ಕಾಯಿದೆಯು ಬಟ್ಟೆಯ ಗಿರಣಿಗಳಲ್ಲಿ ಗಂಡಸರ ದುಡಿಮೆಯನ್ನು ದಿನಕ್ಕೆ ೧೨ ಗಂಟೆಗಳಿಗೆ ಮಿತಿಗೊಳಿಸಿ, ಆರು ಗಂಟೆಗಳ ಕೆಲಸದ ಬಳಿಕ ಅರ್ಧ ಗಂಟೆಯ ಬಿಡುವನ್ನು ವಿಧಿಸಿದ್ದಿತು. ಶಾಸನದ ದೃಷ್ಟಿಯಿಂದ ಇದು ಸಾಕಾದ ಬಿಡುವು. ಆದರೆ ಕೈಕಾಲು ತೊಳೆದು, ಸಾವಿರಾರು ಜನರ ಗುಂಪಿನಲ್ಲಿ ಕುಳಿತು ಉಂಡು, ಮತ್ತೆ ಯಂತ್ರದ ಬಳಿಗೆ ಓಡಬೇಕಾದವನಿಗೆ ಆ ಅರ್ಧ ಗಂಟೆಯು ಸಾಲದು. ಮದರಾಸಿನ ಕಾರ್ಮಿಕ ಚಳವಳಿಯ ಮೊದಲ ಬೇಡಿಕೆಗಳಲ್ಲಿ ಊಟದ ವೇಳೆಯನ್ನು ಕೆಲವು ನಿಮಿಷ ಹೆಚ್ಚಿಸಬೇಕೆಂಬುದೂ ಒಂದಾಗಿದ್ದುದು ಗಮನಿಸತಕ್ಕ ಸಂಗತಿ. ಮೇಲಿನವರ ಬೈಗುಳ, ಹೊಡೆತ, ಕ್ಷುಲ್ಲಕ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಮೊದಲಾದವು ಉಳಿದ ದೂರುಗಳು. ಹೊಟ್ಟೆಯ ಪ್ರಶ್ನೆಯೂ ಮಾನದ ಪ್ರಶ್ನೆಯೂ ಇಲ್ಲಿ ಮೊದಲಿನಿಂದಲೇ ಹೆಣೆದುಕೊಂಡಿದ್ದವು.

ಈ ದೂರುಗಳನ್ನು ಮೊದಲು ಕೇಳಿದವರು ಪೆರಂಬೂರಿನ ನೆರೆಯ ವರ್ತಕರಾದ ಜಿ. ಸೆಲ್ವಪತಿ ಚೆಟ್ಟಿಯಾರ್ ಮತ್ತು ಅವರ ಸ್ನೇಹಿತರಾದ ಜಿ. ರಾಮಾನುಜುಲು ನಾಯ್ಡು. ಧಾರ್ಮಿಕ ಉಪನ್ಯಾಸಗಳಿಗಾಗಿ ಏರ್ಪಟ್ಟಿದ್ದ ಸಭೆಯೊಂದಕ್ಕೆ ಬರುತ್ತಿದ್ದ ಕೆಲಸಗಾರರು ಅಲ್ಲಿ ತಮ್ಮ ಕಷ್ಟಗಳನ್ನೂ ಹೇಳಿಕೊಳ್ಳತೊಡಗಿದರು. ಹರಿಕಥೆಯನ್ನು ಕೇಳಲು ಕಲೆತ ಜನರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಲು ಕಲಿತುದೇ ಸಂಘದ ಮೂಲವೆನ್ನಬಹುದು. ವರ್ತಕರಿಬ್ಬರೂ ಬಿ. ಪಿ. ವಾಡಿಯಾ ಅವರ ನೆರವನ್ನು ಬೇಡಿದರು. ಮುಂಬಯಿಯ ಪಾರ್ಸಿ ಮನೆತನದವರಾದ ವಾಡಿಯಾ ಅವರು ಥಿಯಾಸಫಿಯ ಅನುಯಾಯಿಗಳು. ಆನಿ ಬೆಸೆಂಟ್ ಅವರ ಹೋಮ್‌ರೂಲ್ ಚಳವಳಿಯಲ್ಲಿ ಅವರ ಸಹಾಯಕರು. ೧೯೧೭ರಲ್ಲಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಅವರೊಂದಿಗೆ ಸರ್ಕಾರದ ನಿರ್ಬಂಧಕ್ಕೂ ಒಳಗಾಗಿದ್ದವರು. ೧೯೧೮ರ ಏಪ್ರಿಲ್ ೨೭ರಂದು ಮದರಾಸು ಕಾರ್ಮಿಕ ಸಂಘವು ಸ್ಥಾಪಿತವಾಯಿತು. ವಾಡಿಯಾ ಅವರು ಅಧ್ಯಕ್ಷರಾದರು. ಅದಕ್ಕೆ ಹಿಂದೆಯೂ ಕೆಲಸಗಾರರ ಹಿತಕ್ಕಾಗಿ ಮುಂಬಯಿ ಮೊದಲಾದೆಡೆಗಳಲ್ಲಿ ಸಭೆಗಳು ಹುಟ್ಟಿದ್ದವು. ಆದರೆ ಕ್ರಮವಾದ ಸದಸ್ಯತ್ವ, ಚಂದಾ, ಪದಾಧಿಕಾರಿಗಳು ಉಳ್ಳ ಆಧುನಿಕ ರೀತಿಯ ಕಾರ್ಮಿಕ ಸಂಘವೆಂದು ಭಾರತದಲ್ಲಿ ಮೊದಲು ಎಣಿಸಲ್ಪಟ್ಟುದು ಇದೇ.

ವಾಡಿಯಾ ಅವರು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ಆ ಮಾತನ್ನು ಕೇಳುವವರಿಗೆ ತಮಿಳಿನಲ್ಲಿ ತಿಳಿಸಬೇಕಾಗಿದ್ದಿತು. ಈ ಕೊರತೆಯನ್ನು ತುಂಬಿದವರು ಸಂಘದ ಉಪಾಧ್ಯಕ್ಷರಾಗಿದ್ದ ತಿರು. ವಿ. ಕಲ್ಯಾಣಸುಂದರ ಮೊದಲಿಯಾರ್. ತಮಿಳು ಅಧ್ಯಾಪಕರಾಗಿದ್ದು, ಕೆಲಸವನ್ನು ಬಿಟ್ಟು ‘ದೇಶಭಕ್ತನ್’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದ ಈ ವಿದ್ವಾಂಸರು ರಾಜಕೀಯ ವೇದಿಕೆಗೆ ತಮಿಳನ್ನು ತಂದವರಲ್ಲಿ ಪ್ರಮುಖರು. ದೇಶಭಾಷೆಯು ಗ್ರಂಥದಿಂದ ಇಳಿದು ಗಿರಣಿಯ ಬಯಲಿಗೆ ಬಂದಾಗ ಅದಕ್ಕೆ ಹೊಸ ಶಬ್ದಗಳು ಬೇಕಾದವು. ಕನ್ನಡದಲ್ಲಿಯೂ ಇದೇ ಬಗೆಯ ಅನುಭವವನ್ನು ಕಾಣಬಹುದು. ಕೆಲಸ ನಿಲ್ಲಿಸುವುದಕ್ಕೆ ನಮ್ಮಲ್ಲಿ ರೂಢಿಗೆ ಬಂದ ‘ಮುಷ್ಕರ’ವೆಂಬ ಮಾತಿಗೆ ಹಟ, ಮೊಂಡುತನವೆಂಬ ಅರ್ಥಗಳೂ ಉಂಟು. ಕೆಲಸಗಾರನ ನಿರಾಕರಣೆಯು ಯಜಮಾನನ ಕಣ್ಣಿಗೆ ಹೇಗೆ ಕಂಡಿತೋ ಆ ನೋಟವೇ ಶಬ್ದದೊಳಗೆ ಉಳಿದುಕೊಂಡಂತಿದೆ.

೩

ಯುದ್ಧವು ನಡೆಯುತ್ತಿದ್ದಷ್ಟು ಕಾಲ ವಾಡಿಯಾ ಅವರು ಕೆಲಸಗಾರರನ್ನು ಮುಷ್ಕರದಿಂದ ತಡೆಯುತ್ತಲೇ ಬಂದರು. ಕೆಲಸ ನಿಂತರೆ ಕಂಪೆನಿಗೆ ಮಾತ್ರ ನಷ್ಟವಾಗುವುದಾದರೆ ಚಿಂತೆಯಿಲ್ಲ, ಆದರೆ ಸೈನಿಕರಿಗೆ ಬಟ್ಟೆಯಿಲ್ಲದಂತಾಗುವುದು ಎಂಬುದು ಅವರ ವಾದ. ಸಂಘದ ನಾಯಕತ್ವವು ಉಗ್ರವಾದದಿಂದ ಎಷ್ಟು ದೂರವಿದ್ದಿತೆಂಬುದಕ್ಕೆ ಇದು ಸಾಕ್ಷಿ. ೧೯೧೯ರಲ್ಲಿ ಅವರು ಹೋಮ್‌ರೂಲ್ ನಿಯೋಗದೊಡನೆ ಇಂಗ್ಲೆಂಡಿಗೆ ಹೋದರು. ಅದೇ ವರ್ಷ ವಾಷಿಂಗ್‌ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಭಾರತದ ಕಾರ್ಮಿಕ ಪ್ರತಿನಿಧಿಯಾಗಿ ಎನ್. ಎಂ. ಜೋಶಿಯವರು ಹೋದಾಗ ವಾಡಿಯಾ ಅವರು ಸಲಹೆಗಾರರಾಗಿದ್ದರು. ಲೋಕದ ಸಭೆಯಲ್ಲಿ ಕಾರ್ಮಿಕ ಸಂಘದ ಮಾತಿಗೆ ಪೀಠ ದೊರೆತಿದ್ದಿತು. ಸ್ವದೇಶದ ನ್ಯಾಯಾಲಯದಲ್ಲಿ ಅದರ ಸ್ಥಾನವು ಇನ್ನೂ ನಿಶ್ಚಯವಾಗಿರಲಿಲ್ಲ.

೧೯೨೦ರ ಅಕ್ಟೋಬರ್‌ನಲ್ಲಿ ಬಕಿಂಗ್‌ಹ್ಯಾಮ್ ಗಿರಣಿಯಲ್ಲಿ ಎದ್ದ ತಕರಾರು ಬೀಗಮುದ್ರೆಯವರೆಗೂ ಬೆಳೆಯಿತು. ಡಿಸೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಜೀವಗಳು ಬಲಿಯಾದವು. ಈ ನಡುವೆ ಕಂಪೆನಿಯು ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ವಾಡಿಯಾ ಮತ್ತು ಅವರ ಸಂಗಡಿಗರ ಮೇಲೆ ದಾವೆಯನ್ನು ಹೂಡಿತು. ಕೆಲಸಗಾರರಿಗೂ ಕಂಪೆನಿಗೂ ಕರಾರುಂಟು. ಆ ಕರಾರನ್ನು ಮುರಿಯುವಂತೆ ಪ್ರತಿವಾದಿಗಳು ಕೆಲಸಗಾರರನ್ನು ಪ್ರೇರಿಸಿದರು. ಅದರಿಂದ ತನಗೆ ನಷ್ಟವಾಯಿತು. ಆದುದರಿಂದ ನಷ್ಟಪರಿಹಾರವೂ ತಡೆಯಾಜ್ಞೆಯೂ ಬೇಕು ಎಂಬುದು ಕಂಪೆನಿಯ ಅಹವಾಲು. ನ್ಯಾಯಾಲಯವು ಮಧ್ಯಂತರ ತಡೆಯಾಜ್ಞೆಯನ್ನು ಕೊಟ್ಟಿತು.

ಈ ಆಜ್ಞೆಯ ಹಿಂದಿನ ನ್ಯಾಯತತ್ತ್ವದ ಇತಿಹಾಸವು ಸ್ವಾರಸ್ಯವಾದುದು. ಅನ್ಯರ ಕರಾರನ್ನು ಮುರಿಸುವುದು ದಾವೆಗೆ ಯೋಗ್ಯವಾದ ತಪ್ಪೆಂಬ ನಿಯಮವು ಇಂಗ್ಲೆಂಡಿನಲ್ಲಿ ಸ್ಥಿರವಾದುದು ೧೮೫೩ರ ಒಂದು ತೀರ್ಪಿನಿಂದ. ಆ ಮೊಕದ್ದಮೆಯು ಗಾಯಕಿಯೊಬ್ಬಳಿಗೆ ಸಂಬಂಧಿಸಿದುದು. ಒಂದು ನಾಟಕಶಾಲೆಗೆ ಹಾಡುವೆನೆಂದು ಒಪ್ಪಿದ್ದವಳನ್ನು ಮತ್ತೊಂದು ನಾಟಕಶಾಲೆಯ ಒಡೆಯನು ಸೆಳೆದುಕೊಂಡಿದ್ದನು. ರಂಗಭೂಮಿಯ ಇಬ್ಬರು ಯಜಮಾನರ ಜಗಳಕ್ಕೆಂದು ಹೇಳಿದ ನ್ಯಾಯವು ಕಾಲಕ್ರಮದಲ್ಲಿ ನೇಕಾರರ ಮೇಲೆ ತಿರುಗಿತು. ಇಂಗ್ಲೆಂಡು ತನ್ನ ಮಟ್ಟಿಗೆ ಈ ತೊಡಕನ್ನು ನೂರು ವರ್ಷಗಳ ಹೋರಾಟದಿಂದ ಬಿಡಿಸಿಕೊಂಡಿದ್ದಿತು. ೧೭೯೯ ಮತ್ತು ೧೮೦೦ರ ಶಾಸನಗಳು ಕೆಲಸಗಾರರ ಕೂಟವನ್ನೇ ನಿಷೇಧಿಸಿದ್ದವು. ೧೮೨೪ರಲ್ಲಿ ಅವು ರದ್ದಾದವು. ೧೮೭೧ರ ಶಾಸನವು ಸಂಘಗಳಿಗೆ ನ್ಯಾಯಸಮ್ಮತವಾದ ಸ್ಥಾನವನ್ನು ಕೊಟ್ಟಿತು. ೧೮೭೫ರದು ಒಳಸಂಚಿನ ಆರೋಪದಿಂದ ರಕ್ಷಿಸಿತು. ೧೯೦೧ರಲ್ಲಿ ಟಾಫ್ ವೇಲ್ ರೈಲ್ವೆಯ ಮೊಕದ್ದಮೆಯಲ್ಲಿ ಪ್ರಭುಸಭೆಯು ಸಂಘದ ನಿಧಿಯೇ ನಷ್ಟಕ್ಕೆ ಹೊಣೆಯೆಂದು ತೀರ್ಪಿತ್ತುದರಿಂದ ಆ ಸಂಘವು ೨೩,೦೦೦ ಪೌಂಡುಗಳನ್ನು ತೆರಬೇಕಾಯಿತು. ಅದರ ಪ್ರತಿಕ್ರಿಯೆಯಾಗಿ ೧೯೦೬ರ ಶಾಸನವು ಬಂದು, ಕೈಗಾರಿಕಾ ವಿವಾದದ ಸಂದರ್ಭದಲ್ಲಿ ಕರಾರುಭಂಗಕ್ಕೆ ಪ್ರೇರಿಸಿದುದು ದಾವೆಗೆ ಕಾರಣವಾಗದೆಂದು ವಿಧಿಸಿತು.

ಆದರೆ ೧೯೦೬ರ ರಕ್ಷಣೆಯು ಭಾರತಕ್ಕೆ ಬರಲಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳು ಕಟ್ಟಿದ ಹೊಣೆಯು ಹಡಗು ಹತ್ತಿ ಬಂದಿತು. ಪಾರ್ಲಿಮೆಂಟು ಕೊಟ್ಟ ಬಿಡುಗಡೆಯು ಅಲ್ಲಿಯೇ ಉಳಿಯಿತು. ಇದಕ್ಕೆ ಜೊತೆಯಾಗಿ ೧೮೫೯ರ ೧೩ನೆಯ ಕಾಯಿದೆಯು ಇನ್ನೂ ಜೀವಂತವಾಗಿದ್ದಿತು. ಮುಂಗಡವನ್ನು ಪಡೆದು ಕೆಲಸ ಬಿಟ್ಟ ಕೂಲಿಯನ್ನು ಅಪರಾಧಿಯಂತೆ ಶಿಕ್ಷಿಸಲು ಅದರಲ್ಲಿ ಅವಕಾಶವಿದ್ದಿತು. ಒಬ್ಬಂಟಿಯಾಗಿ ಬಿಟ್ಟರೆ ಆ ಕಾಯಿದೆ, ಕೂಡಿ ಬಿಟ್ಟರೆ ಈ ತಡೆಯಾಜ್ಞೆ ಎಂಬಂತೆ ಕೆಲಸಗಾರನ ಎರಡು ದಾರಿಗಳೂ ಬಿಗಿಯಾಗಿದ್ದವು. ೧೯೨೧ರ ಜನವರಿಯಲ್ಲಿ ರಾಜಿಯಾಯಿತು. ವಾಡಿಯಾ ಅವರು ಸಂಘದ ಸಂಬಂಧವನ್ನು ಕಡಿದುಕೊಳ್ಳಬೇಕು, ಕಂಪೆನಿಯು ದಾವೆಯನ್ನು ಮುಂದುವರಿಸಬಾರದು ಎಂಬುದು ಅದರ ಸಾರ. ಸಂಘವು ಉಳಿಯಿತು, ಆದರೆ ಅದನ್ನು ಕಟ್ಟಿದವನನ್ನು ಬಿಟ್ಟುಕೊಟ್ಟು ಉಳಿಯಿತು.

೪

ಈ ಇತಿಹಾಸವನ್ನು ಯಜಮಾನ ಮತ್ತು ಕೆಲಸಗಾರರೆಂಬ ಇಬ್ಬರ ಕಥೆಯನ್ನಾಗಿ ಹೇಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಾಗಲಾರದು. ೧೯೨೧ರ ಮೇ ತಿಂಗಳಿನಲ್ಲಿ ಪೆರಂಬೂರಿನಲ್ಲಿ ಮತ್ತೊಮ್ಮೆ ವಿವಾದವು ಹುಟ್ಟಿ, ತಿಂಗಳುಗಟ್ಟಲೆ ಮುಷ್ಕರವು ನಡೆಯಿತು. ಅದರಲ್ಲಿ ಆದಿದ್ರಾವಿಡ ಕೆಲಸಗಾರರಲ್ಲಿ ಬಹುಮಂದಿ ಸೇರಲಿಲ್ಲ. ಅವರು ಕೆಲಸಕ್ಕೆ ಹಿಂದಿರುಗಿದರು. ಅವರ ನಾಯಕರಾದ ಎಂ. ಸಿ. ರಾಜಾ ಅವರ ಒಲವೂ ಆ ಕಡೆಗೇ ಇದ್ದಿತು. ಜೂನ್ ತಿಂಗಳ ಕೊನೆಯಲ್ಲಿ ಪುಳಿಯಂತೋಪಿನ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಗಿರಣಿಯ ವಿವಾದವು ಜಾತಿಯ ಕಲಹವಾಗಿ ಮಾರ್ಪಟ್ಟಿತು. ಆಗಸ್ಟಿನಲ್ಲಿ ಮತ್ತೆ ಗುಂಡು ಹಾರಿತು. ಅಕ್ಟೋಬರ್ ಹೊತ್ತಿಗೆ ಮುಷ್ಕರವು ಸೋತಿತು.

ಕೆಲಸಕ್ಕೆ ಹಿಂದಿರುಗಿದವರನ್ನು ದ್ರೋಹಿಗಳೆಂದು ಕರೆದು ಮುಗಿಸುವುದು ಆಗ ರೂಢಿಯಾಗಿದ್ದಿತು. ವಿಚಾರಮಾಡಿದರೆ ಅವರ ನಡತೆಗೆ ಕಾರಣಗಳು ಕಾಣುತ್ತವೆ. ಕೂಲಿಯಿಲ್ಲದ ತಿಂಗಳುಗಳನ್ನು ತಡೆದುಕೊಳ್ಳಲು ಬೇಕಾದ ಸಾಲ, ಹಳ್ಳಿಯ ಹೊಲ, ಬಂಧುಗಳ ಆಸರೆ ಇವು ಎಲ್ಲರಿಗೂ ಸಮನಾಗಿರಲಿಲ್ಲ. ಎಲ್ಲರಿಗಿಂತಲೂ ಕಡಿಮೆಯಿದ್ದುದು ಆದಿದ್ರಾವಿಡರಿಗೆ. ಹಳ್ಳಿಯ ಜೀತದಿಂದ ತಪ್ಪಿಸಿಕೊಂಡು ಬಂದವನಿಗೆ ಗಿರಣಿಯು ಕೇವಲ ದುಡಿಮೆಯ ಸ್ಥಳವಾಗಿರದೆ ಬಿಡುಗಡೆಯ ಸ್ಥಳವೂ ಆಗಿದ್ದಿತು. ಕೇರಿಯಲ್ಲಿ ದೂರ ನಿಲ್ಲಿಸುವವನು ಸಭೆಯಲ್ಲಿ ‘ಸಹೋದರ’ನೆಂದು ಕರೆದರೆ ಆ ಕರೆಯಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಮದರಾಸು ಸರ್ಕಾರವು ೧೯೨೦ರಲ್ಲಿ ನೇಮಿಸಿದ ಲೇಬರ್ ಕಮಿಷನರ ಮುಖ್ಯ ಕಾರ್ಯವು ಹಿಂದುಳಿಸಲ್ಪಟ್ಟ ಈ ಜಾತಿಗಳ ಏಳಿಗೆಯಾಗಿದ್ದುದೂ ಇಲ್ಲಿ ಸ್ಮರಣೀಯ. ಮುಷ್ಕರದ ಕಾಲದಲ್ಲಿ ಸರ್ಕಾರವು ಆದಿದ್ರಾವಿಡರಿಗೆ ಕೊಟ್ಟ ರಕ್ಷಣೆಯನ್ನು ಜಸ್ಟಿಸ್ ಪಕ್ಷದ ಮುಖಂಡರಾದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಪಕ್ಷಪಾತವೆಂದು ಆಕ್ಷೇಪಿಸಿದರು. ಆ ಪಕ್ಷದಲ್ಲಿ ಆದಿದ್ರಾವಿಡರಿಗಿದ್ದ ವಿಶ್ವಾಸವು ಅಲ್ಲಿಂದ ಕುಗ್ಗಿತು.

ಇದೇ ಬಿರುಕು ಮುಂಬಯಿಯಲ್ಲಿಯೂ ಕಂಡಿತು. ಅಲ್ಲಿನ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆಯ ವಿಭಾಗವು ಅಸ್ಪೃಶ್ಯರೆನಿಸಿದವರಿಗೆ ಮುಚ್ಚಿದ್ದಿತು. ನೂಲಿನ ತುದಿಯನ್ನು ಬಾಯಿಂದ ಎಳೆಯಬೇಕಾಗುತ್ತದೆ, ಅದರಿಂದ ಮೈಲಿಗೆಯಾಗುತ್ತದೆ ಎಂಬುದು ಉಳಿದ ಕೆಲಸಗಾರರ ವಾದ. ೧೯೨೮ರ ದೊಡ್ಡ ಮುಷ್ಕರದ ಕಾಲದಲ್ಲಿ ಬಿ. ಆರ್. ಅಂಬೇಡ್ಕರ್ ಅವರು ಈ ಅನ್ಯಾಯವನ್ನು ಸಂಘದ ನಾಯಕರ ಮುಂದಿಟ್ಟರು. ಯಜಮಾನನ ಎದುರಿಗೆ ಸಮಾನತೆಯನ್ನು ಬೇಡುವವರು ತಮ್ಮೊಳಗೆ ಸಮಾನತೆಯನ್ನು ಸಾಧಿಸದಿದ್ದರೆ ಸಂಘದ ಗೋಡೆಯು ಒಳಗಿನಿಂದಲೇ ಬೀಳುವುದೆಂಬ ಪಾಠವನ್ನು ಪೆರಂಬೂರು ಏಳು ವರ್ಷ ಮೊದಲೇ ಕಲಿಸಿದ್ದಿತು. ಸೋಲಿನ ಮರುವರ್ಷವೇ ಗಿರಣಿಯಲ್ಲಿ ಕಂಪೆನಿಯ ಏರ್ಪಾಡಿನ ಕೆಲಸಗಾರರ ಸಮಿತಿಯು ಹುಟ್ಟಿತು. ಅಹವಾಲನ್ನು ಕೇಳುವ ಕಿವಿಯು ದೊರೆತಿತು. ಆದರೆ ಆ ಕಿವಿಯು ಯಜಮಾನನು ಇಟ್ಟುದು, ಅವನು ತೆಗೆಯಬಲ್ಲುದು.

೫

ಮದರಾಸಿನ ತಡೆಯಾಜ್ಞೆಯು ದೇಶದ ಕಾರ್ಮಿಕ ನಾಯಕರಿಗೆ ಒಂದು ವಿಷಯವನ್ನು ಮನಗಾಣಿಸಿತು: ಶಾಸನದ ಆಶ್ರಯವಿಲ್ಲದೆ ಯಾವ ಸಂಘವೂ ಸುರಕ್ಷಿತವಲ್ಲ. ೧೯೨೦ರ ಅಕ್ಟೋಬರ್ ೩೧ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಸೇರಿದ್ದಿತು. ೧೯೨೧ರ ಮಾರ್ಚ್‌ನಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳ ನೋಂದಣಿಗೂ ರಕ್ಷಣೆಗೂ ಶಾಸನವನ್ನು ಮಾಡಬೇಕೆಂಬ ನಿರ್ಣಯವನ್ನು ಮಂಡಿಸಿದರು. ಜೋಶಿಯವರು ಚುನಾಯಿತರಲ್ಲ, ಸರ್ಕಾರದಿಂದ ನಾಮಕರಣ ಹೊಂದಿದವರು. ಕೆಲಸಗಾರನಿಗೆ ಮತವಿಲ್ಲದ ಸಭೆಯಲ್ಲಿ ಅವನ ಮಾತು ಬರಬೇಕಾದರೆ ಬೇರೆ ಬಾಗಿಲಿರಲಿಲ್ಲ. ನಿರ್ಣಯವು ಅಂಗೀಕೃತವಾಯಿತು. ಆದರೆ ಪ್ರಾಂತ್ಯಗಳ ಅಭಿಪ್ರಾಯ, ಯಜಮಾನರ ಆಕ್ಷೇಪಣೆ, ಕರಡುಗಳ ತಿದ್ದುಪಡಿ ಇವೆಲ್ಲವೂ ಮುಗಿದು ಶಾಸನವು ಹುಟ್ಟುವುದಕ್ಕೆ ಐದು ವರ್ಷಗಳು ಹಿಡಿದವು. ೧೯೨೬ರ ಮಾರ್ಚ್ ೨೫ರಂದು ಕಾರ್ಮಿಕ ಸಂಘಗಳ ಕಾಯಿದೆಗೆ ಒಪ್ಪಿಗೆ ದೊರೆತಿತು. ೧೯೨೭ರ ಜೂನ್ ೧ರಿಂದ ಅದು ಜಾರಿಗೆ ಬಂದಿತು. ೧೮೫೯ರ ಕರಾರುಭಂಗದ ಕಾಯಿದೆಯು ಹೆಚ್ಚುಕಡಿಮೆ ಇದೇ ಸಮಯದಲ್ಲಿ, ೧೯೨೬ರ ಏಪ್ರಿಲ್ ೧ರಿಂದ, ರದ್ದಾಯಿತು. ಹೀಗೆ ಒಬ್ಬಂಟಿಯ ಬೇಡಿಯೂ ಕೂಟದ ಬೇಡಿಯೂ ಜೊತೆಜೊತೆಯಾಗಿ ಸಡಿಲಿದವು.

ಕಾಯಿದೆಯ ಜೀವಾಳವು ಎರಡು ಪ್ರಕರಣಗಳಲ್ಲಿದ್ದಿತು. ೧೭ನೆಯ ಪ್ರಕರಣವು ಸಂಘದ ನ್ಯಾಯವಾದ ಉದ್ದೇಶಗಳಿಗಾಗಿ ಸದಸ್ಯರು ಮಾಡಿಕೊಂಡ ಒಪ್ಪಂದವನ್ನು, ಅದು ಸ್ವತಃ ಅಪರಾಧವನ್ನು ಮಾಡುವ ಒಪ್ಪಂದವಲ್ಲದಿದ್ದರೆ, ಒಳಸಂಚೆಂದು ಶಿಕ್ಷಿಸಲಾಗದೆಂದು ಹೇಳಿತು. ೧೮ನೆಯ ಪ್ರಕರಣವು ಕೈಗಾರಿಕಾ ವಿವಾದದಲ್ಲಿ ಕರಾರುಭಂಗಕ್ಕೆ ಪ್ರೇರಿಸಿದರೆಂಬ ಒಂದೇ ಕಾರಣದಿಂದ ಸಂಘದ ಮೇಲಾಗಲಿ ಪದಾಧಿಕಾರಿ ಅಥವಾ ಸದಸ್ಯನ ಮೇಲಾಗಲಿ ದಾವೆ ನಡೆಯದೆಂದು ವಿಧಿಸಿತು. ಪೆರಂಬೂರಿನ ಮೊಕದ್ದಮೆಗೆ ಐದು ವರ್ಷಗಳ ಬಳಿಕ ಶಾಸನಸಭೆಯು ಕೊಟ್ಟ ಉತ್ತರವೇ ಈ ೧೮ನೆಯ ಪ್ರಕರಣ.

ಉತ್ತರವು ಸಂಪೂರ್ಣವಾಗಿರಲಿಲ್ಲ. ರಕ್ಷಣೆಯು ನೋಂದಣಿಯಾದ ಸಂಘಕ್ಕೆ ಮಾತ್ರ ಲಭ್ಯ. ಏಳು ಜನರು ಸೇರಿದರೆ ನೋಂದಣಿಗೆ ಬೇಡಬಹುದಾಗಿದ್ದರೂ ಲೆಕ್ಕಪತ್ರ, ನಿಯಮಾವಳಿ, ವಾರ್ಷಿಕ ವರದಿ ಇವುಗಳನ್ನು ಒಪ್ಪಿಸಬೇಕಾಗಿದ್ದಿತು. ಅಕ್ಷರಜ್ಞಾನವಿಲ್ಲದ ಸದಸ್ಯರಿಗೆ ಇದು ಹಗುರವಾದ ಹೊರೆಯಲ್ಲ. ೨೨ನೆಯ ಪ್ರಕರಣವು ಪದಾಧಿಕಾರಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಅದೇ ಉದ್ಯೋಗದಲ್ಲಿ ನಿಜವಾಗಿ ದುಡಿಯುವವರಾಗಿರಬೇಕೆಂದಿತು. ‘ಹೊರಗಿನವರು’ ಕೆಲಸಗಾರರನ್ನು ಕೆಣಕುತ್ತಾರೆಂಬ ಯಜಮಾನರ ದೂರಿಗೂ, ಹೊರಗಿನವರಿಲ್ಲದಿದ್ದರೆ ಸಂಘ ನಡೆಸುವವನು ಮರುದಿನವೇ ಕೆಲಸ ಕಳೆದುಕೊಳ್ಳುವನೆಂಬ ಕಾರ್ಮಿಕ ಪಕ್ಷದ ಉತ್ತರಕ್ಕೂ ನಡುವೆ ಮಾಡಿದ ಸಂಧಾನವಿದು. ಎಲ್ಲಕ್ಕಿಂತ ದೊಡ್ಡ ಕೊರತೆಯೊಂದುಂಟು. ಸಂಘವು ಬದುಕಲು ಕಾಯಿದೆಯು ಅನುಮತಿಯಿತ್ತಿತು. ಯಜಮಾನನು ಅದರೊಡನೆ ಮಾತನಾಡಬೇಕೆಂದು ಎಲ್ಲಿಯೂ ಹೇಳಲಿಲ್ಲ. ಬಾಯಿ ತೆರೆಯುವ ಹಕ್ಕು ಬಂದಿತು. ಕೇಳಿಸಿಕೊಳ್ಳುವ ಕರ್ತವ್ಯವು ಯಾರ ಮೇಲೂ ಬೀಳಲಿಲ್ಲ. ಮೂರೇ ವರ್ಷಗಳಲ್ಲಿ ಬಂದ ೧೯೨೯ರ ವ್ಯಾಪಾರ ವಿವಾದಗಳ ಕಾಯಿದೆಯು ಸಾರ್ವಜನಿಕ ಉಪಯುಕ್ತತೆಯ ಉದ್ಯೋಗಗಳಲ್ಲಿ ಮುನ್ಸೂಚನೆಯಿಲ್ಲದ ಮುಷ್ಕರವನ್ನು ದಂಡಾರ್ಹವಾಗಿಸಿ, ಕೊಟ್ಟ ಕೈಯಿಂದಲೇ ಸ್ವಲ್ಪವನ್ನು ಹಿಂತೆಗೆದುಕೊಂಡಿತು.

೬

ಬ್ರಿಟಿಷ್ ಇಂಡಿಯಾದ ಈ ಕಾಯಿದೆಯು ಮೈಸೂರು ಸಂಸ್ಥಾನಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಆದರೆ ಬಂಡವಾಳಕ್ಕೆ ಆ ಗಡಿಯ ತಡೆಯಿರಲಿಲ್ಲ. ಪೆರಂಬೂರಿನ ಗಿರಣಿಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪೆನಿಯೇ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯನ್ನೂ ನಡೆಸುತ್ತಿದ್ದಿತು. ಒಂದೇ ಆಡಳಿತದ ಕೆಳಗಿನ ಕೆಲಸಗಾರರಲ್ಲಿ ಮದರಾಸಿನವನಿಗೆ ೧೯೨೭ರಿಂದ ಇದ್ದ ಶಾಸನದ ರಕ್ಷಣೆಯು ಬೆಂಗಳೂರಿನವನಿಗೆ ಇರಲಿಲ್ಲ. ೧೮೮೧ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಕರೆದ ಸಂಸ್ಥಾನವೆಂಬ ಕೀರ್ತಿಯು ಮೈಸೂರಿಗಿದ್ದುದನ್ನು ನೆನೆದರೆ ಈ ಅಂತರವು ಎದ್ದುಕಾಣುತ್ತದೆ. ಪ್ರಾತಿನಿಧ್ಯದ ಕಲ್ಪನೆಯು ರೈತನನ್ನೂ ವರ್ತಕನನ್ನೂ ವಿದ್ಯಾವಂತನನ್ನೂ ಮುಟ್ಟಿದಷ್ಟು ಬೇಗ ಕೂಲಿಯನ್ನು ಮುಟ್ಟಲಿಲ್ಲ.

ಕೋಲಾರದ ಚಿನ್ನದ ಗಣಿಗಳ ದೃಷ್ಟಾಂತವನ್ನೂ ನೋಡಬಹುದು. ಅಲ್ಲಿ ನೆಲದಾಳದಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಉತ್ತರ ಆರ್ಕಾಟು ಮೊದಲಾದ ತಮಿಳು ಜಿಲ್ಲೆಗಳಿಂದ ಬಂದ ಆದಿದ್ರಾವಿಡರು. ೧೯೩೦ರಲ್ಲಿ, ಬೆರಳಚ್ಚನ್ನು ತೆಗೆದುಕೊಂಡು ಹೆಸರು ನೋಂದಿಸುವ ಏರ್ಪಾಡನ್ನು ವಿರೋಧಿಸಿ, ಅವರು ನೋಂದಾಯಿತ ಸಂಘವೊಂದರ ಆಶ್ರಯವಿಲ್ಲದೆಯೇ ದಿನಗಟ್ಟಲೆ ಕೆಲಸವನ್ನು ನಿಲ್ಲಿಸಿದರು. ಬೆರಳಚ್ಚು ಕಳ್ಳನಿಗೆ ತಕ್ಕುದು, ದುಡಿಯುವವನಿಗಲ್ಲ ಎಂಬ ಅಭಿಮಾನವು ಆ ನಿರಾಕರಣೆಯ ಬೆನ್ನೆಲುಬಾಗಿದ್ದಿತು. ಪೆರಂಬೂರಿನಲ್ಲಿ ಮುಷ್ಕರವನ್ನು ಬಿಟ್ಟು ಹೋದ ಜಾತಿಯವರೇ ಕೋಲಾರದಲ್ಲಿ ಅದನ್ನು ನಡೆಸಿದರೆಂಬುದನ್ನು ಗಮನಿಸಿದರೆ, ದೋಷವು ಜನರಲ್ಲಿರದೆ ಸಂಘದ ರಚನೆಯಲ್ಲಿದ್ದಿತೆಂಬ ಮಾತು ದೃಢವಾಗುತ್ತದೆ. ಮೈಸೂರಿನಲ್ಲಿ ಸಂಘಗಳಿಗೆ ಶಾಸನದ ಮನ್ನಣೆಯು ದೊರೆತುದು ೧೯೪೧ರ ತುರ್ತು ಶಾಸನ, ೧೯೪೨ರ ಮೈಸೂರು ಲೇಬರ್ ಆಕ್ಟ್ ಇವುಗಳಿಂದ. ಮದರಾಸಿಗಿಂತ ಸುಮಾರು ಹದಿನೈದು ವರ್ಷ ತಡವಾಗಿ.

೭

ಯಜಮಾನನು ಸಂಘವನ್ನು ಮಾನ್ಯಮಾಡಲೇಬೇಕೆ ಎಂಬ ಪ್ರಶ್ನೆಯು ಮುಂದಿನ ಕಾಲದ ತಿರುಳಾಯಿತು. ೧೯೩೮ರಲ್ಲಿ ಮುಂಬಯಿಯ ಕೈಗಾರಿಕಾ ವಿವಾದಗಳ ಮಸೂದೆಯನ್ನು ಅಂಬೇಡ್ಕರ್ ಅವರು ವಿರೋಧಿಸಿದಾಗ, ಮುಷ್ಕರದ ಹಕ್ಕು ಸ್ವಾತಂತ್ರ್ಯದ ಹಕ್ಕಿನ ಇನ್ನೊಂದು ಹೆಸರೇ ಆಗಿದೆಯೆಂದು ವಾದಿಸಿದರು. ಒಲ್ಲದ ಮನುಷ್ಯನಿಂದ ಕೆಲಸ ಮಾಡಿಸುವುದು ದಾಸ್ಯವಾಗುತ್ತದೆಂಬುದು ಅದರ ತಾತ್ಪರ್ಯ. ಅವರೇ ವೈಸರಾಯರ ಕಾರ್ಯನಿರ್ವಾಹಕ ಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದಾಗ, ೧೯೪೩ರಲ್ಲಿ, ಸಂಘಗಳಿಗೆ ಕಡ್ಡಾಯ ಮನ್ನಣೆಯನ್ನು ಕೊಡಿಸುವ ತಿದ್ದುಪಡಿಯ ಮಸೂದೆಯನ್ನು ಮಂಡಿಸಿದರು. ಈ ದಿಕ್ಕಿನ ಯತ್ನಗಳ ಫಲವಾಗಿ ೧೯೪೭ರಲ್ಲಿ ತಿದ್ದುಪಡಿಯ ಕಾಯಿದೆಯು ಅಂಗೀಕೃತವಾಯಿತು. ಆದರೆ ಅದನ್ನು ಎಂದಿಗೂ ಜಾರಿಗೆ ತರಲಿಲ್ಲ. ಪುಸ್ತಕದಲ್ಲಿದ್ದು ಬಾಳಿನಲ್ಲಿಲ್ಲದ ಶಾಸನಗಳ ಸಾಲಿನಲ್ಲಿ ಅದೂ ನಿಂತಿತು.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ೧೯ನೆಯ ಅನುಚ್ಛೇದದಲ್ಲಿ ಸಂಘಗಳನ್ನು ಕಟ್ಟುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ೧೯೨೦ರಲ್ಲಿ ತಡೆಯಾಜ್ಞೆಗೆ ವಸ್ತುವಾಗಿದ್ದುದು ಮೂವತ್ತು ವರ್ಷಗಳಲ್ಲಿ ಪ್ರಜೆಯ ಜನ್ಮಸಿದ್ಧ ಅಧಿಕಾರವಾಯಿತು. ಅದರ ಹಿಂದೆಯೇ ವಯಸ್ಕರೆಲ್ಲರಿಗೂ ಮತವು ಬಂದಿತು. ಹೀಗೆ ಭಾರತದ ಕೆಲಸಗಾರನಿಗೆ ಕಾಲಕ್ರಮದಲ್ಲಿ ಸಂಘವೇ ಮತಕ್ಕಿಂತ ಮೊದಲು ದೊರೆತಿತು. ಸಭೆ ಸೇರುವುದು, ಅಧ್ಯಕ್ಷನನ್ನು ಆರಿಸುವುದು, ಲೆಕ್ಕ ಕೇಳುವುದು, ಬಹುಮತಕ್ಕೆ ತಲೆಬಾಗುವುದು ಇವೆಲ್ಲವನ್ನೂ ಅವನು ಮತಗಟ್ಟೆಯನ್ನು ಕಾಣುವ ಮೊದಲೇ ಸಂಘದಲ್ಲಿ ಅಭ್ಯಾಸಮಾಡಿದ್ದನು.

ಆದರೂ ಹಳೆಯ ಪ್ರಶ್ನೆಯು ತೀರಲಿಲ್ಲ. ೧೯೬೧ರಲ್ಲಿ ಬ್ಯಾಂಕು ನೌಕರರ ಸಂಘದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಘವನ್ನು ಕಟ್ಟುವ ಮೂಲಭೂತ ಹಕ್ಕಿನಲ್ಲಿ ಫಲಕಾರಿಯಾಗಿ ಚೌಕಾಸಿ ಮಾಡುವ ಅಥವಾ ಮುಷ್ಕರ ಹೂಡುವ ಹಕ್ಕು ಅಡಗಿಲ್ಲವೆಂದು ತೀರ್ಪಿತ್ತಿತು. ೨೦೦೩ರಲ್ಲಿ ತಮಿಳುನಾಡಿನ ಸರ್ಕಾರಿ ನೌಕರರ ಮೊಕದ್ದಮೆಯಲ್ಲಿ, ಅವರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ ಶಾಸನಬದ್ಧ ಹಕ್ಕಾಗಲಿ ಇಲ್ಲವೆಂದು ಅದೇ ನ್ಯಾಯಾಲಯವು ಹೇಳಿತು. ಸಂಘಸ್ವಾತಂತ್ರ್ಯಕ್ಕೂ ಸಾಮೂಹಿಕ ಚೌಕಾಸಿಗೂ ಸಂಬಂಧಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೪೮ರ ೮೭ನೆಯ ಮತ್ತು ೧೯೪೯ರ ೯೮ನೆಯ ಒಡಂಬಡಿಕೆಗಳನ್ನು ಭಾರತವು ಸ್ಥಿರೀಕರಿಸಿಲ್ಲ. ೧೯೨೬ರ ಕಾಯಿದೆಯು ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಲೀನವಾಗಿ, ಆ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿತು. ಅದರಲ್ಲಿ ಹಳೆಯ ೧೭, ೧೮ನೆಯ ಪ್ರಕರಣಗಳ ರಕ್ಷಣೆಗಳು ಉಳಿದಿವೆ. ಸಂಧಾನ ನಡೆಸುವ ಸಂಘಕ್ಕೆ ಮನ್ನಣೆಯೂ ಬಂದಿದೆ. ಆದರೆ ಹಿಂದೆ ಸಾರ್ವಜನಿಕ ಉಪಯುಕ್ತತೆಯ ಉದ್ಯೋಗಗಳಿಗೆ ಮಾತ್ರವಿದ್ದ ಮುನ್ಸೂಚನೆಯ ನಿರ್ಬಂಧವು ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿದೆ. ಕೊಡುವುದೂ ಹಿಂತೆಗೆಯುವುದೂ ಜೊತೆಯಾಗಿ ನಡೆಯುವ ೧೯೨೬-೨೯ರ ರೀತಿಯು ನೂರು ವರ್ಷಗಳ ಬಳಿಕವೂ ಅಳಿದಿಲ್ಲ.

೮

ವಾಡಿಯಾ ಅವರು ೧೯೨೧ರ ಬಳಿಕ ಕಾರ್ಮಿಕ ಚಳವಳಿಗೆ ಹಿಂದಿರುಗಲಿಲ್ಲ. ಅವರ ಕೊನೆಯ ಕಾಲದ ಕಾರ್ಯಕ್ಷೇತ್ರವು ಕನ್ನಡನಾಡೇ ಆಯಿತು. ೧೯೪೫ರಲ್ಲಿ ಅವರು ಬೆಂಗಳೂರಿನ ಬಸವನಗುಡಿಯಲ್ಲಿ ಸ್ಥಾಪಿಸಿದ ಸಂಸ್ಥೆಯು ಇಂದಿಗೂ ವಿಶ್ವಸಂಸ್ಕೃತಿ ಸಂಸ್ಥೆಯೆಂಬ ಹೆಸರಿನಿಂದ ಉಪನ್ಯಾಸಗಳನ್ನೂ ಗ್ರಂಥಾಲಯವನ್ನೂ ನಡೆಸುತ್ತಿದೆ. ೧೯೫೮ರಲ್ಲಿ ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ನಡೆದು ಆ ಗ್ರಂಥಾಲಯಕ್ಕೆ ಹೋಗುವವರಲ್ಲಿ ಹೆಚ್ಚು ಮಂದಿಗೆ ಅವರು ಸಂಸ್ಕೃತಿಯ ಉಪಾಸಕರಾಗಿ ಪರಿಚಿತರೇ ಹೊರತು ತಡೆಯಾಜ್ಞೆಯ ಪ್ರತಿವಾದಿಯಾಗಿ ಅಲ್ಲ. ಪೆರಂಬೂರಿನ ಗಿರಣಿಗಳು ೧೯೯೬ರಲ್ಲಿ ಮುಚ್ಚಿದವು.

ಈ ಇತಿಹಾಸದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಸಂಘಸ್ವಾತಂತ್ರ್ಯವು ಭಾರತಕ್ಕೆ ಇಂಗ್ಲೆಂಡಿನಿಂದ ಬಂದ ಉಡುಗೊರೆಯಲ್ಲ. ಇಂಗ್ಲೆಂಡು ತನಗೆ ಕೊಟ್ಟುಕೊಂಡಿದ್ದುದನ್ನು ಇಲ್ಲಿ ಕೇಳಿ, ಸೋತು, ಮತ್ತೆ ಕೇಳಿ ಪಡೆಯಬೇಕಾಯಿತು. ಎರಡನೆಯದು, ಸಂಘದ ಹೊರಗಿನ ಸ್ವಾತಂತ್ರ್ಯವು ಅದರ ಒಳಗಿನ ಸಮಾನತೆಯನ್ನು ಬಿಟ್ಟು ನಿಲ್ಲದು. ೧೯೨೧ರ ಸೋಲಿನಲ್ಲಿ ನ್ಯಾಯಾಲಯಕ್ಕಿಂತಲೂ ಪುಳಿಯಂತೋಪಿನ ಬೆಂಕಿಯ ಪಾಲು ದೊಡ್ಡದು. ಮೂರನೆಯದು, ಸಂಘವನ್ನು ಕಟ್ಟಲು ಅನುಮತಿಸುವುದು ಬೇರೆ, ಅದರ ಮಾತಿಗೆ ಬೆಲೆಯಿರುವಂತೆ ಮಾಡುವುದು ಬೇರೆ. ಮೊದಲನೆಯದನ್ನು ಭಾರತವು ೧೯೨೬ರಲ್ಲಿ ಸಾಧಿಸಿ, ೧೯೫೦ರಲ್ಲಿ ಅಳಿಸಲಾಗದಂತೆ ಬರೆದಿಟ್ಟಿತು. ಎರಡನೆಯದರ ವಿಷಯದಲ್ಲಿ, ಊಟಕ್ಕೆ ಇನ್ನಷ್ಟು ನಿಮಿಷಗಳನ್ನು ಕೇಳಿದ ಪೆರಂಬೂರಿನ ನೇಕಾರನ ವಾದವು ಇನ್ನೂ ವಿಚಾರಣೆಯಲ್ಲಿದೆ.